ಮೊಟ್ಟೆ ಟ್ರೇಯ ಶುಭೋದಯಗಳು

ಅಮ್ಮ ಬೆಳಿಗ್ಗೆ ಅಂಗಡಿಯ ಕಬ್ಬಿಣದ ಕದ ಎತ್ತುವಷ್ಟರಲ್ಲಿ ಅವಳ ಫೋನಿನಲ್ಲಿ ಒಂದು ಕಮಲದ ಕೊಳವೇ ಅರಳಿರುತ್ತದೆ. ದೊಡ್ಡಮ್ಮ ಕಳಿಸಿದ ಗುಲಾಬಿ ಕಮಲ, ತೈನಾನಿನ ಸೋದರತ್ತೆ ಕಳಿಸಿದ ಬಿಳಿ ಕಮಲ, ಶಾಲೆಯ ಹಳೆಯ ಗೆಳತಿಯರು ಕಳಿಸಿದ ಸೂರ್ಯೋದಯ, ಬೆಟ್ಟ, ಬುಟ್ಟಿಯಲ್ಲಿ ಕೂತ ಬೆಕ್ಕಿನ ಮರಿ. ಎಲ್ಲದರ ಮೇಲೂ ದಪ್ಪ ಬಣ್ಣದ ಅಕ್ಷರಗಳಲ್ಲಿ, 'ಶುಭೋದಯ. ಬೆಚ್ಚಗಿನ ನೀರು ಕುಡಿಯಿರಿ. ಸಿಟ್ಟು ಬಿಡಿ.' ಇದಕ್ಕೆ ಉತ್ತರ ಬರದಿದ್ದರೆ ನಮ್ಮಲ್ಲಿ ಎರಡೇ ಅರ್ಥ: ಒಂದೋ ನೀವು ಸತ್ತಿದ್ದೀರಿ, ಇಲ್ಲವೇ ಮುನಿಸಿಕೊಂಡಿದ್ದೀರಿ. ಎರಡರಲ್ಲಿ ಯಾವುದು ಎಂದು ನೋಡಿಕೊಂಡು ಹೋಗಲು ಯಾರಾದರೂ ಸ್ಕೂಟರ್ ಹತ್ತಿ ಬಂದೇ ಬರುತ್ತಾರೆ.

ಅಮ್ಮನ ಕೈ ಸದಾ ಎಣ್ಣೆ. ಹಾಗಾಗಿ ಉತ್ತರ ಕೊಡುವ ಕೆಲಸ ನನ್ನದು. ಅದರಲ್ಲಿ ನಾನು ಪಳಗಿದ್ದೆ. ಸೂರ್ಯೋದಯಕ್ಕೆ ಬರೀ ಹೂವು ಕಳಿಸಿದರೆ ಕಡಿಮೆಯಾಯಿತು. ಬೆಕ್ಕಿನ ಮರಿಗೆ ಹಿಮದ ಬೆಟ್ಟ ಕಳಿಸಿದರೆ ಅತಿಯಾಯಿತು. ಹಿರಿಯರ ಮಾತಿಗೆ ಕಿರಿಯರು ಉತ್ತರ ಕೊಡಬೇಕು. ಕೊಟ್ಟ ಉತ್ತರಕ್ಕೆ ಹಿರಿಯರು ಸುಮ್ಮನಿದ್ದರೆ ಬಿಂಕ ಎನ್ನುತ್ತಾರೆಂದು ಅವರೂ ಇನ್ನೊಂದು ಕಳಿಸಬೇಕು. ಇದು ನಿಲ್ಲುವುದು ಯಾರದೋ ಮನೆಯಲ್ಲಿ ಸೋಯಾ ಹಾಲು ಉಕ್ಕಿದಾಗ ಮಾತ್ರ.

ಚಿಯಾಯಿ ಊರಿನ ನಮ್ಮ ಅಂಗಡಿಯಲ್ಲಿ ಸಿಗುವುದು ಬೆಳಗಿನ ತಿಂಡಿ ಮಾತ್ರ. ಮೊಟ್ಟೆ ಮೆತ್ತಿ ಸುರುಳಿ ಸುತ್ತಿದ ರೊಟ್ಟಿ ದಾನ್‌ಬಿಂಗ್, ಹುರಿದ ಮೂಲಂಗಿ ಕಡುಬು, ಸೋಯಾ ಹಾಲು. ಕಾವಲಿಯ ಮುಂದೆ ನಿಂತವಳು ಬರುವವರನ್ನೆಲ್ಲ 'ಸುಂದರಾಂಗ', 'ಚೆಲುವೆ' ಎಂದು ಕೂಗಿ ಕರೆಯಬೇಕು. ಅದು ಇಲ್ಲಿನ ಎಲ್ಲ ತಿಂಡಿ ಅಂಗಡಿಗಳ ಪದ್ಧತಿ. ಅಲ್ಲಿ ಸರದಿಯ ಮೇಲೆ ಅಮ್ಮ ಮತ್ತು ಕೆಲಸದ ಶ್ಯೂಚೂ ಅಕ್ಕ ನಿಲ್ಲುತ್ತಾರೆ. ಅಮ್ಮ ಎಪ್ಪತ್ತು ದಾಟಿದ ಅಜ್ಜನನ್ನೂ ಬಿಡುವುದಿಲ್ಲ. "ಏನ್ ಸುಂದರಾಂಗ, ಇವತ್ತು ಹಲ್ಲು ಕಟ್ಟಿಸ್ಕೊಂಡ್ ಬಂದಿದೀಯ, ಗರಿಗರಿ ಮಾಡ್ಲಾ?" ಎನ್ನುತ್ತಾಳೆ. ನಾನು ಗ್ರಂಥಾಲಯ ವಿಜ್ಞಾನದಲ್ಲಿ ಪದವಿ ಪಡೆದವಳು. ಮಾತಾಡದೆ ಇರುವುದನ್ನು ನಾಲ್ಕು ವರ್ಷ ಓದಿ ಬಂದವಳು. ದಿನಚರಿಯಲ್ಲಿ ಪುಟಗಟ್ಟಲೆ ಬರೆಯುತ್ತೇನೆ. ಎದುರಿಗೆ ಮನುಷ್ಯರು ನಿಂತರೆ ನಾಲಿಗೆ ಎಲ್ಲಿಗೋ ಹೊರಟುಹೋಗುತ್ತದೆ.

ಚಳಿಗಾಲದ ಶುರುವಿನಲ್ಲಿ ಅಮ್ಮ ಬಾಂಬು ಹಾಕಿದಳು.

"ಶ್ಯೂಚೂ ಅಕ್ಕ ಹೊಸ ವರ್ಷದ ಹಬ್ಬ ಆದ್ಮೇಲೆ ಮಗಳ ಮನೆಗೆ ಹೋಗ್ತಾಳಂತೆ. ಇನ್ಮೇಲೆ ಕಾವಲಿ ಮುಂದೆ ನೀನೇ, ಆ-ನಿಯೆನ್."

"ಅಮ್ಮಾ, ನಾನು ಆನ್‌ಲೈನ್‌ನಲ್ಲಿ ಏನಾದ್ರೂ…"

"ಏನು? ಫೋನ್ ನೋಡ್ಕೊಂಡು ಕೂರೋದಾ?"

"ಅದೇ. ಬೇರೆಯವರ ಶುಭೋದಯಕ್ಕೂ ಉತ್ತರ ಕೊಡ್ತೀನಿ. ತಿಂಗಳಿಗೆ ಇಷ್ಟು ಅಂತ ಚಂದಾ."

ಅಮ್ಮ ಸಟ್ಟುಗ ಹಿಡಿದುಕೊಂಡೇ ನಕ್ಕಳು. ಶ್ಯೂಚೂ ಅಕ್ಕನೂ ನಕ್ಕಳು. ದಾನ್‌ಬಿಂಗ್ ಕಾಯುತ್ತಿದ್ದ ಅಂಚೆಯವನೂ ನಕ್ಕ. ಆಮೇಲೆ ಅಂಚೆಯವನು ನಗು ನಿಲ್ಲಿಸಿ, "ಎಷ್ಟು ಚಂದಾ?" ಎಂದು ಕೇಳಿದ. ಅಮ್ಮನ ಮುಖ ಆಗ ಬದಲಾಯಿತು.

"ಸರಿ," ಎಂದಳು. ಒಲೆಯ ಪಕ್ಕದಿಂದ ಮೂವತ್ತು ಗುಂಡಿಯ ಖಾಲಿ ಮೊಟ್ಟೆ ಟ್ರೇ ಒಂದನ್ನು ಎಳೆದು ನನ್ನ ಮುಂದಿಟ್ಟಳು. "ಹಬ್ಬದೊಳಗೆ ಇದನ್ನ ಗಿರಾಕಿಗಳಿಂದ ತುಂಬಿಸು. ತುಂಬಿದ್ರೆ ಕಾವಲಿಗೆ ಬೇರೆ ಹುಡುಗೀನ ಇಟ್ಕೋತೀನಿ. ಒಂದು ಗುಂಡಿ ಖಾಲಿ ಇದ್ರೂ ನೀನೇ ಬಂದು 'ಸುಂದರಾಂಗ' ಅನ್ನಬೇಕು."

ಇಷ್ಟೇ ನನ್ನ ಮುಂದಿದ್ದ ಪ್ರಶ್ನೆ. ಜೀವನದ ದೊಡ್ಡ ಪ್ರಶ್ನೆಗಳು ಕಾಗದದ ತಿರುಳಿನ ಟ್ರೇಯಲ್ಲಿ ಬರುತ್ತವೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ವೆಬ್‌ಸೈಟ್ ಕಟ್ಟಿಕೊಡುವ ಜಾಗವೊಂದು ಸಿಕ್ಕಿತು. 'ತಾಂತ್ರಿಕ ಜ್ಞಾನ ಬೇಡ, ಎಳೆದು ಬಿಡಿ, ಅಷ್ಟೇ' ಎಂದು ಬರೆದಿತ್ತು. ನಾನು ಎಳೆದೆ, ಬಿಡಲಾಗಲಿಲ್ಲ. ಸಿದ್ಧ ಮಾದರಿಗಳಲ್ಲಿ ಬಣ್ಣ ಹಿತವಾಗಿದೆ ಎಂದು ಒಂದನ್ನು ಆರಿಸಿದ್ದೆ. ಅದು ಯೋಗ ಶಾಲೆಯವರಿಗೆ ಮಾಡಿದ ಮಾದರಿ. ಪುಟದ ನಡುವೆ ತಲೆ ಕೆಳಗೆ ಮಾಡಿ ನಿಂತ ಹೆಂಗಸಿನ ಚಿತ್ರ. ಆಕೆಯನ್ನು ಅಳಿಸಲು ಹೋದರೆ ಹೆಸರು ಅಳಿಸಿಹೋಯಿತು, ಬೆಲೆ ಅಳಿಸಿಹೋಯಿತು, ಕೊನೆಗೆ ಪುಟದಲ್ಲಿ ಆಕೆಯೊಬ್ಬಳೇ ಉಳಿದಳು. ಎಲ್ಲವನ್ನೂ ಮತ್ತೆ ಅವಳ ಸುತ್ತ ಜೋಡಿಸಿದೆ. 'ಮುಂಜಾನೆಯ ಉತ್ತರ: ನಿಮ್ಮ ಮನೆಯ ಹಿರಿಯರಿಗೆ ನಿಮ್ಮ ಪರವಾಗಿ', ಕೆಳಗೆ ಆಕೆ, ಅವಳ ಪಾದದ ಮೇಲೆ 'ಚಾಪೆ ಕಾಯ್ದಿರಿಸಿ' ಎಂಬ ಗುಂಡಿ. ಅದನ್ನೂ ತೆಗೆಯಲಾಗಲಿಲ್ಲ. ಕೆಲವರು ಕಾಯ್ದಿರಿಸಿಯೂ ಬಿಟ್ಟರು.

ಚಂದಾ ಸರಿಯಾಗಿ ಬರುತ್ತದೋ ಎಂದು ನೋಡಲು ನನ್ನದೇ ಕಾರ್ಡಿನಿಂದ ನಾನೇ ಚಂದಾದಾರಳಾದೆ. ನನ್ನ ಹಣ ನನ್ನ ಕೈಯಿಂದ ಹೊರಟು, ಊರೆಲ್ಲ ಸುತ್ತಿ, ದಾರಿಯಲ್ಲಿ ಸ್ವಲ್ಪ ತೆಳ್ಳಗಾಗಿ ನನ್ನ ಕೈಗೇ ಬಂತು. ಜೊತೆಗೆ ನನ್ನಿಂದ ನನಗೊಂದು ಧನ್ಯವಾದ ಪತ್ರ. ರದ್ದು ಮಾಡೋಣವೆಂದು ಹೋದರೆ, 'ನಮ್ಮನ್ನು ಬಿಟ್ಟು ಹೋಗುತ್ತಿದ್ದೀರಾ? ನಮ್ಮಿಂದ ಏನು ತಪ್ಪಾಯಿತು?' ಎಂದು ಅಳುಮುಖದ ಚಿತ್ರ ಬಂತು. ನನ್ನ ಅಂಗಡಿಗೆ ನಾನೇ ಹೌದು ಎನ್ನುವುದು ಹೇಗೆ? ಸುಮ್ಮನೆ ಉಳಿದುಕೊಂಡೆ. ಅಮ್ಮ ಮಾತ್ರ ಅದನ್ನು ಗಿರಾಕಿ ಎಂದು ಒಪ್ಪಲಿಲ್ಲ.

ಮೊದಲ ನಿಜವಾದ ಗಿರಾಕಿ ತೈಪೆಯ ದಂತವೈದ್ಯ ತ್ಸೆಂಗ್ ಕ್ವಾನ್‌ಫೂ. ವಯಸ್ಸು ನಲವತ್ತಕ್ಕೆ ಹತ್ತಿರ, ಮದುವೆಯಾಗಿಲ್ಲ. ಅವರ ತಾಯಿ ಇರುವುದು ನಮ್ಮ ಪಕ್ಕದ ಸ್ಟೇಷನ್ನಿನ ಮಿನ್‌ಶ್ಯುಂಗ್‌ನಲ್ಲಿ. ಒಂದು ದಿನ ಕಮಲಕ್ಕೆ ಉತ್ತರ ಕೊಡುವುದು ಮರೆತಿದ್ದಕ್ಕೆ ತಾಯಿ ನೇರ ಕ್ಲಿನಿಕ್ಕಿಗೆ ಫೋನ್ ಮಾಡಿ, ಮಗ ಬದುಕಿದ್ದಾನೆಂದು ಖಾತ್ರಿಯಾಗುವವರೆಗೆ ಇಡಲಿಲ್ಲವಂತೆ. ಅಷ್ಟು ಹೊತ್ತೂ ಒಬ್ಬ ರೋಗಿ ಬಾಯಿ ತೆರೆದುಕೊಂಡೇ ಇದ್ದನಂತೆ.

'ನೀವು ಆ ಭಂಗಿಯಲ್ಲೇ ಉತ್ತರ ಬರೆಯುತ್ತೀರಾ?' ಎಂದು ಕೇಳಿ ಬರೆದಿದ್ದರು. 'ಕೆಲವೊಮ್ಮೆ' ಎಂದು ಉತ್ತರಿಸಿದೆ. ಗಿರಾಕಿಗೆ ಇಲ್ಲ ಎನ್ನಬಾರದಲ್ಲ.

ಬೇರೆಯವರ ಪರವಾಗಿ ಬರೆಯಲು ಯಾವುದೋ ಸಾಫ್ಟ್‌ವೇರ್ ಬೇಕಾಗುತ್ತದೆ. ಅದು ನನಗೆ ಬರುವುದಿಲ್ಲ. ಹಾಗಾಗಿ ಮನೆಯವರ ಜೊತೆ ಮಾತಾಡಲೆಂದೇ ಇಟ್ಟ ಹಳೆಯ ಫೋನನ್ನು ಪಾರ್ಸೆಲ್ ಮಾಡಿಬಿಡಿ ಎಂದೆ. ಪಾರ್ಸೆಲ್ ಇಳಿಸಿಕೊಳ್ಳುವ ಮೂಲೆಯ ಕಿರಾಣಿ ಅಂಗಡಿಗೆ ಫೋನ್ ಬಂತು. ಅದನ್ನು ಮೊಟ್ಟೆ ಟ್ರೇಯಲ್ಲಿ ನಿಲ್ಲಿಸಿದೆ. ಒಂದು ಫೋನ್ ಎರಡು ಗುಂಡಿ ಹಿಡಿಯುತ್ತದೆ. ದಂತವೈದ್ಯರು ಒಬ್ಬರಿಗೊಬ್ಬರು ಹೇಳಿಕೊಂಡರು, ಅವರ ನರ್ಸುಗಳು ಅಕ್ಕತಂಗಿಯರಿಗೆ ಹೇಳಿದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಟ್ರೇ ತುಂಬುತ್ತಾ ಬಂತು. ಬೆಳಗಾಗುತ್ತಿದ್ದಂತೆ ಎಲ್ಲ ಫೋನುಗಳೂ ಮಳೆಗಾಲದ ಕಪ್ಪೆಗಳಂತೆ ವಟಗುಟ್ಟಲು ಶುರು. ಚಾರ್ಜರ್ ತಂತಿಗಳನ್ನು ನೋಡಿ ಅಮ್ಮ, "ಇದನ್ನ ಬೇಯಿಸಿ ಸೋಯಾ ಸಾಸ್ ಹಾಕಿದ್ರೆ ಇಬ್ಬರಿಗೆ ಊಟ ಆಗುತ್ತೆ" ಎಂದಳು.

ನನಗೆ ಆ ಕೆಲಸ ತುಂಬ ಹಿಡಿಸಿತು. ಅದರಲ್ಲೂ ತ್ಸೆಂಗ್ ತಾಯಿಯ ಜೊತೆ. ಮಗನಾಗಿ ಮೊದಮೊದಲು ಚಿತ್ರಕ್ಕೆ ಚಿತ್ರ ಕಳಿಸುತ್ತಿದ್ದೆ. ಆಮೇಲೆ, 'ಅಮ್ಮಾ, ಮಂಡಿ ನೋವು ಹೇಗಿದೆ? ಗಾಳಿ ಇದೆ, ಒಳಗೆ ಉಣ್ಣೆ ಅಂಗಿ ಹಾಕ್ಕೋ' ಎಂದೆಲ್ಲ ಬರೆಯತೊಡಗಿದೆ. ತಾಯಿಯೂ ಮಂಡಿಯ ಬಗ್ಗೆ ಉದ್ದುದ್ದ ಬರೆದರು. ಬಲ ಮಂಡಿಗಿಂತ ಎಡ ಮಂಡಿ ಹೇಗೆ ಒಳ್ಳೆಯ ಸ್ವಭಾವದ್ದು ಎಂದು ವಿವರಿಸಿದರು. ನನಗೆ ಅಷ್ಟು ಸಲಿಗೆಯಿಂದ ಯಾರೂ ಮಾತಾಡಿರಲಿಲ್ಲ.

ಚಾಂದ್ರಮಾನದ ಹನ್ನೆರಡನೆಯ ತಿಂಗಳು ಹುಟ್ಟಿತು. ಟ್ರೇಯಲ್ಲಿ ಒಂದು ಫೋನಿನ ಜಾಗ ಮಾತ್ರ ಉಳಿದಿತ್ತು. ಆಗೊಂದು ಹೊಸ ಚಂದಾ ಬಂತು, ಜೊತೆಗೆ ಒಂದು ಟಿಪ್ಪಣಿ:

'ನಮಸ್ಕಾರ. ನಿಮ್ಮದು ಮಕ್ಕಳ ಪರವಾಗಿ ಎಂದು ಬರೆದಿದೆ. ತಾಯಂದಿರ ಪರವಾಗಿ ಮಾಡುವುದಿಲ್ಲವೇ? ನನ್ನ ಮಗ ಮುಂಚೆ ಬರೀ ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದ, ಸುಖವಾಗಿತ್ತು. ಈಚೆಗೆ ಏನಾಗಿದೆಯೋ, ಬೆಳಗೆದ್ದರೆ ಮಂಡಿ ಮಂಡಿ ಎನ್ನುತ್ತಾನೆ. ನನಗೆ ಗೇಟ್‌ಬಾಲ್ ಆಟದ ಅಭ್ಯಾಸಕ್ಕೆ ತಡವಾಗುತ್ತದೆ. ಇನ್ನು ಮುಂದೆ ನೀವೇ ನೋಡಿಕೊಳ್ಳಿ. ಫೋನ್ ಕಳಿಸುತ್ತಿದ್ದೇನೆ. ಮನೆಯಲ್ಲಿ ತಂತಿ ಫೋನ್ ಇದೆ, ನನಗದು ಸಾಕು.'

ಮಿನ್‌ಶ್ಯುಂಗ್‌ನಿಂದ ಫೋನ್ ಬಂತು. ಕೊನೆಯ ಎರಡು ಗುಂಡಿಗಳಲ್ಲಿ ನಿಲ್ಲಿಸಿ, ಅದರಿಂದ ಮೊದಲ ಶುಭೋದಯ ಒತ್ತಿದೆ. ಟ್ರೇಯ ಇನ್ನೊಂದು ತುದಿಯಲ್ಲಿದ್ದ ದಂತವೈದ್ಯರ ಫೋನ್ ಬೆಳಗಿತು.

ಬೇರೆಯವರಾಗಿದ್ದರೆ ಆಗಲೇ ಹಣ ವಾಪಸ್ ಕೊಡುತ್ತಿದ್ದರು. ನಾನು ಟ್ರೇ ನೋಡಿದೆ. ತುಂಬಿತ್ತು. ಅಮ್ಮ ಬಂದು ಇಣುಕಿ, "ಅಬ್ಬಾ, ತುಂಬಿಸ್ಬಿಟ್ಯಲ್ಲೇ!" ಎಂದು ಬೆನ್ನು ತಟ್ಟಿದಳು. ಬೆನ್ನ ಮೇಲೆ ಎಣ್ಣೆ ಕೈ ಮೂಡಿತು. ಹಬ್ಬದ ತನಕ ಯಾವ ಫೋನೂ ಜಾಗ ಬಿಡದಿದ್ದರೆ ಸಾಕಿತ್ತು.

ಹೀಗೆ ನಾನು ತಾಯಿಯೂ ಆದೆ, ಮಗನೂ ಆದೆ. ನಡುವೆ ಉಕ್ಕುವ ಸೋಯಾ ಹಾಲಿರಲಿಲ್ಲ. ಮಗ ಉತ್ತರಿಸಿದ ಮೇಲೆ ತಾಯಿ ಸುಮ್ಮನಿದ್ದರೆ ಬಿಂಕ. ತಾಯಿ ಹೇಳಿದ ಮೇಲೆ ಮಗ ಸುಮ್ಮನಿದ್ದರೆ ಉದ್ಧಟತನ. ಎಡಗೈ ಹೆಬ್ಬೆರಳು ತಾಯಿ, ಬಲಗೈ ಹೆಬ್ಬೆರಳು ಮಗ. ಉಳಿದ ಹದಿಮೂರು ಮನೆಗಳ ಕಮಲಗಳು ಕಾಯುತ್ತಾ ಬಾಡಿದವು.

ಹಬ್ಬ ಹತ್ತಿರ ಬಂದಾಗ ಯಾವ ತಾಯಿಯಾದರೂ 'ಯಾವಾಗ ಬರ್ತೀಯ ಮಗನೇ?' ಎಂದು ಕೇಳಲೇಬೇಕು. ಕೇಳದಿದ್ದರೆ ಏನೋ ಆಗಿದೆ ಎಂದೇ ಲೆಕ್ಕ. ಕೇಳಿದೆ. 'ಹಿಂದಿನ ದಿನವೇ ಬರ್ತೀನಿ ಅಮ್ಮಾ' ಎಂದು ಉತ್ತರಿಸಿದೆ. 'ಮೀನು ಹಬೆಯಲ್ಲಿ ಬೇಯಿಸ್ತೀನಿ, ಶುಂಠಿ ಹಾಕಿ.' 'ಸುಮ್ಮನೆ ಆಯಾಸ ಮಾಡ್ಕೋಬೇಡ.' 'ಆಯಾಸ ಏನು ಬಂತು. ಒಬ್ಬನೇ ಬರ್ತೀಯೋ, ಜೊತೆಗೆ ಯಾರಾದ್ರೂ…?' 'ನೋಡೋಣ.' ಆ ವಯಸ್ಸಿನ ಬ್ರಹ್ಮಚಾರಿಯ ಬಾಯಲ್ಲಿ 'ನೋಡೋಣ' ಬಂದರೆ ಹುಡುಗಿ ಸಿಕ್ಕಳೆಂದೇ ಅರ್ಥ. ತಾಯಿಗೆ ಎಷ್ಟು ಖುಷಿಯಾಯಿತೆಂದರೆ ನನ್ನ ಕಣ್ಣು ಒದ್ದೆಯಾಯಿತು.

ಅದೇ ಸಂಜೆ ದಂತವೈದ್ಯರ ಸಂದೇಶ ಬಂತು. 'ಈ ಸಲ ಹಬ್ಬಕ್ಕೆ ಹೊಕ್ಕೈಡೋಗೆ ಹಿಮದ ಮೇಲೆ ಜಾರಲು ಹೋಗುತ್ತಿದ್ದೇನೆ. ಅಮ್ಮನಿಗೆ ನೋವಾಗದಂತೆ ನೀವೇ ಹೇಳಿಬಿಡಿ. ನಾನು ನಿಮ್ಮ ಚಂದಾ ತೆಗೆದುಕೊಂಡಿದ್ದೇ ಇದಕ್ಕೆ.'

ಮರುದಿನ ಅಂಗಡಿಯ ಫೋನ್ ಎತ್ತಿದ ಅಮ್ಮ ಕಾವಲಿಯ ಮುಂದಿನಿಂದಲೇ ಕಿರುಚಿದಳು. "ಆ-ನಿಯೆನ್! ಮಿನ್‌ಶ್ಯುಂಗ್ ತ್ಸೆಂಗಮ್ಮ ಅಂತೆ! ಹಬ್ಬಕ್ಕೆ ಗೇಟ್‌ಬಾಲ್ ತಂಡದ ಜೊತೆ ಒಕಿನಾವಾಗೆ ಹೋಗ್ತಾರಂತೆ! ಮಗನಿಗೆ ನೋವಾಗದ ಹಾಗೆ ಹೇಳ್ಬೇಕಂತೆ! ಕಡುಬು ಯಾರಿಗೆ, ಚೆಲುವೆ?"

ಇದಕ್ಕಿಂತ ಸುಲಭ ಏನಿದೆ ಎಂದುಕೊಂಡೆ. ಮಗನಾಗಿ ಬರೆದೆ: 'ಅಮ್ಮಾ, ಈ ಸಲ ಬರಕ್ಕಾಗಲ್ಲ.' ತಾಯಿಯಾಗಿ 'ಸರಿ, ನಾನೂ ಇರಲ್ಲ' ಎಂದರೆ ಮುಗಿಯಿತು. ಆದರೆ ಹೆಬ್ಬೆರಳು ಏಳಲಿಲ್ಲ. ಮೀನಿನ ಮಾತಾಡಿದ ತಾಯಿ ಹಾಗೆ ಬರೆಯುತ್ತಾಳೆಯೇ? ತಾನಾಗಿಯೇ ಹೀಗೆ ಬಂತು: 'ಸರಿ ಮಗನೇ. ನೀನು ಚೆನ್ನಾಗಿದ್ರೆ ಸಾಕು.'

ಇದರ ಅರ್ಥ ಗೊತ್ತಿಲ್ಲದ ಮಕ್ಕಳು ನಮ್ಮ ದ್ವೀಪದಲ್ಲಿಲ್ಲ. ಮಗ ತಕ್ಷಣ, 'ಇಲ್ಲಮ್ಮ, ಬರ್ತೀನಿ' ಎಂದ. 'ಬೇಡಪ್ಪ, ನಿನಗೆ ಕೆಲಸ ಇರುತ್ತೆ.' 'ಯಾವ ಕೆಲಸವೂ ಇಲ್ಲ.' ನಮ್ಮಲ್ಲಿ ಮೊದಲ ಸಲದ 'ಬೇಡ'ಕ್ಕೆ ಬೆಲೆಯಿಲ್ಲ, ಎರಡನೆಯದಕ್ಕೂ ಇಲ್ಲ. ಆಮೇಲೆ ತಾಯಿಯ ಕಡೆಯಿಂದ ಹೊರಟೆ. 'ನಾನು ಒಕಿನಾವಾಗೆ ಹೋಗೋಣ ಅಂತಿದ್ದೆ' ಎಂದೆ. ಮಗ, 'ಹೋಗಿ ಬಾ ಅಮ್ಮಾ, ನಾನು ರೂಮಲ್ಲೇ ನೂಡಲ್ಸ್ ಬಿಸಿ ಮಾಡ್ಕೋತೀನಿ' ಎಂದ. ಹೆತ್ತ ಕರುಳು ಕೇಳುತ್ತದೆಯೇ? ಒಕಿನಾವಾ ರದ್ದಾಯಿತು. ಎಷ್ಟು ಸಲ ಪ್ರಯತ್ನಿಸಿದರೂ ಇಬ್ಬರೂ ಒಬ್ಬರಿಗಾಗಿ ಒಬ್ಬರು ಪ್ರಯಾಣ ಬಿಟ್ಟು, ಕೊನೆಗೆ ಮೀನಿನ ಮುಂದೆ ಬಂದು ಕೂರುತ್ತಿದ್ದರು.

ಸೋತು, ಇಬ್ಬರಿಗೂ 'ಹೇಳಿದ್ದೇನೆ, ಎಲ್ಲ ಸರಿಹೋಯಿತು' ಎಂದು ತಿಳಿಸಿಬಿಟ್ಟೆ. ಅವನು ಹಿಮಕ್ಕೆ, ಅವಳು ಸಮುದ್ರಕ್ಕೆ, ನಾನು ಹಿಂದಿನ ಕೋಣೆಗೆ. ಯಾರಿಗೂ ನಷ್ಟವಿಲ್ಲ.

ಆದರೆ ದಂತವೈದ್ಯರು ಅದೇ ಖಾತೆಯನ್ನು ಕ್ಲಿನಿಕ್ಕಿನ ಕಂಪ್ಯೂಟರಿನಲ್ಲೂ ತೆರೆಯಬಹುದೆಂದು ನನಗೆ ಗೊತ್ತಿರಲಿಲ್ಲ. ತೆರೆದರು. ಎಲ್ಲವನ್ನೂ ಓದಿದರು. ನನಗೆ ಬರೆದರು:

'ಅಮ್ಮನ ಮಾತು ಓದಿ ಅಳು ಬಂತು. ರೋಗಿ ಗಾಬರಿಯಾದ. ನನ್ನ ಅಮ್ಮನ ಒಳಗೆ ಇಷ್ಟೆಲ್ಲ ಇದೆಯೆಂದು ಈ ವಯಸ್ಸಿನವರೆಗೆ ತಿಳಿದಿರಲಿಲ್ಲ. ಹೊಕ್ಕೈಡೋ ರದ್ದು ಮಾಡಿದ್ದೇನೆ. ರೈಲು ಟಿಕೆಟ್ ತೆಗೆದುಕೊಂಡಿದ್ದೇನೆ. ಅವಳಿಗೆ ಹೇಳಬೇಡಿ, ಬಾಗಿಲಲ್ಲಿ ಹೋಗಿ ನಿಲ್ಲುತ್ತೇನೆ.'

ಬೀಗ ಹಾಕಿದ ಬಾಗಿಲ ಮುಂದೆ ಹಣ್ಣಿನ ಬುಟ್ಟಿ ಹಿಡಿದು ನಿಂತ ದಂತವೈದ್ಯ ನನ್ನ ಕಣ್ಣ ಮುಂದೆ ಬಂದ. ಹೇಳಲೇಬೇಕಿತ್ತು. ಹೇಳಿದರೆ ತಾಯಿಯ ಫೋನೂ ಹೋಗುತ್ತದೆ, ಮಗನದೂ ಹೋಗುತ್ತದೆ. ಟ್ರೇಯಲ್ಲಿ ನಾಲ್ಕು ಗುಂಡಿ ಬಾಯಿ ತೆರೆಯುತ್ತವೆ.

ಬರೆದು ತಿಳಿಸೋಣವೆಂದರೆ, 'ನಿಮ್ಮ ತಾಯಿ ನಾನೇ' ಎಂಬ ವಾಕ್ಯ ಯಾವ ಕಡೆಯಿಂದ ಶುರು ಮಾಡಿದರೂ ಸರಿಬರಲಿಲ್ಲ. ಧೈರ್ಯ ಮಾಡಿ ಕ್ಲಿನಿಕ್ಕಿಗೆ ಫೋನ್ ಮಾಡಿದೆ.

"ಹಲೋ, ಯಾವ ಹಲ್ಲು?" ಎಂದಳು ಸ್ವಾಗತದ ಹುಡುಗಿ.

"ಅಲ್ಲ, ಡಾಕ್ಟರ ಹತ್ರ ಸ್ವಲ್ಪ… ವೈಯಕ್ತಿಕ…"

"ಮುಂದಿನ ಹಲ್ಲಾ, ಹಿಂದಿನದಾ?"

"ಹಿಂದಿನದು," ಎಂದುಬಿಟ್ಟೆ. ನಾನು ಹೀಗೆಯೇ. ನನ್ನ ಹೆಸರಲ್ಲೊಂದು ಅಪಾಯಿಂಟ್‌ಮೆಂಟ್ ಆಯಿತು, ಊಟ ಆದ ಮೇಲೆ ಹಲ್ಲುಜ್ಜಿ ಬರಬೇಕೆಂದು ಬುದ್ಧಿವಾದವೂ ಆಯಿತು. ಧನ್ಯವಾದ ಹೇಳಿ ಫೋನಿಟ್ಟೆ.

ಉಳಿದದ್ದು ಒಂದೇ ದಾರಿ. ಮಿನ್‌ಶ್ಯುಂಗ್ ರೈಲು ಹತ್ತಿದೆ.

ದಂತವೈದ್ಯರ ತಾಯಿ, ಊರವರ ಬಾಯಲ್ಲಿ ತ್ಸೆಂಗ್ ಚಿಕ್ಕಮ್ಮ, ಶಾಲೆಯ ಹಿಂದಿನ ಮೈದಾನದಲ್ಲಿದ್ದರು. ಬಿಸಿಲಿಗೆ ಅಗಲ ಟೊಪ್ಪಿ ಹಾಕಿದ ಹೆಂಗಸರು ಉದ್ದ ಕೋಲಿನ ಕೊಡತಿ ಹಿಡಿದು, ನೆಲಕ್ಕೆ ನೆಟ್ಟ ಪುಟ್ಟ ಕಮಾನುಗಳೊಳಗೆ ಚೆಂಡು ಹೊಡೆಯುತ್ತಿದ್ದರು. ಆ ಹೊಡೆತ ನೋಡಿದರೆ ಯಾರ ಮಂಡಿಯಲ್ಲೂ ನೋವಿರುವ ಹಾಗೆ ಕಾಣಲಿಲ್ಲ. ಯಾರೆಂದು ಕೇಳಲು ನಾಚಿಕೆಯಾಗಿ ಬೇಲಿಯ ಪಕ್ಕ ನಿಂತಿದ್ದೆ. ಚೆಂಡೊಂದು ಬಂದು ಕಾಲಿಗೆ ಬಡಿಯಿತು.

"ಏ ಹುಡುಗೀ, ಮುಟ್ಬೇಡ! ಅದು ಅಲ್ಲೇ ಇರ್ಲಿ! ಯಾರು ನೀನು?"

"ತ್ಸೆಂಗ್ ಚಿಕ್ಕಮ್ಮ… ಅವರು…"

"ನಾನೇ. ಏನು?"

ರೈಲಿನಲ್ಲಿ ಕಂಠಪಾಠ ಮಾಡಿದ್ದೆಲ್ಲ ಹಾರಿಹೋಯಿತು. "ಚಿಕ್ಕಮ್ಮ, ನಾನು… ನಾನೇ ನಿಮ್ಮ ಮಗ," ಎಂದೆ.

ಮೈದಾನದ ಟೊಪ್ಪಿಗಳೆಲ್ಲ ನನ್ನ ಕಡೆ ತಿರುಗಿದವು.

"ಅಂದ್ರೆ ಬೆಳಿಗ್ಗೆ ಹೊತ್ತು ಮಾತ್ರ," ಎಂದು ಸೇರಿಸಿದೆ. "ಆಮೇಲೆ ಈಚೆಗೆ ನೀವೂ ನಾನೇ."

"ಇವಳಿಗೆ ಬಿಸಿಲು ಬಡ್ದಿದೆ," ಎಂದರು ಒಬ್ಬರು. "ಕೂರ್ಸಿ, ಕೂರ್ಸಿ. ಉಪ್ಪು ಹಾಕಿದ ಪ್ಲಮ್ ಕೊಡಿ ಒಂದು."

ಪ್ಲಮ್ ಬಾಯಲ್ಲಿಟ್ಟುಕೊಂಡು ಎಲ್ಲ ಹೇಳಿದೆ. ಹುಳಿಗೆ ಒಂದು ಕಣ್ಣು ಮುಚ್ಚಿಕೊಂಡೇ ಇತ್ತು. ದಂತವೈದ್ಯರ ಚಂದಾ, ಮಂಡಿ, ಮೀನು, ಹೊಕ್ಕೈಡೋ, ರೈಲು ಟಿಕೆಟ್. ಚಿಕ್ಕಮ್ಮ ಕೊಡತಿಯ ಮೇಲೆ ಗದ್ದ ಊರಿ ಕೂತು ಕೇಳಿದರು.

"ಹಾಗಾದ್ರೆ ಮಂಡಿ ವಿಚಾರಿಸ್ತಿದ್ದದ್ದು ಅವನಲ್ಲ."

"ಅಲ್ಲ, ಚಿಕ್ಕಮ್ಮ."

"ಉಣ್ಣೆ ಅಂಗಿ?"

"ನಾನೇ."

ಅವರು ಟೊಪ್ಪಿ ತೆಗೆದು ಗಾಳಿ ಬೀಸಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

"ಅಲ್ಲ," ಎಂದರು ಕೊನೆಗೆ, "ನೀನು ಬರೆದದ್ದನ್ನ ಓದಿ ಅತ್ತನಲ್ಲ, ಅದು ಅವನೇ ತಾನೆ?"

"ಹೌದು. ಅದು ಅವರೇ. ಟಿಕೆಟ್ ತಗೊಂಡಿದ್ದೂ ಅವರೇ."

"ಹಿಮ ಬಿಟ್ಟು?"

"ಬಿಟ್ಟು."

"ಅಯ್ಯೋ ಪೆದ್ದ!" ಎಂದು ಎದ್ದು ನಿಂತರು. ಮುಖ ಬೆಳಗಿತ್ತು. "ಅವನಪ್ಪನ ಹಾಗೇ ಪೆದ್ದ. ಮದ್ವೆ ಆದಾಗಿಂದ ಹಬ್ಬದ ಅಡುಗೆ ಮಾಡಿ ಮಾಡಿ ಸಾಕಾಗಿ ಈ ವರ್ಷ ಸಮುದ್ರ ನೋಡೋಣ ಅಂತ ಹೊರಟ್ರೆ, ಇವನು ಈಗ್ಲೇ ಬರಬೇಕಾ? ಯಾರ್ರೀ, ಫೋನ್ ಕೊಡಿ!"

ಗೆಳತಿಯ ಫೋನಿನಿಂದ ಕ್ಲಿನಿಕ್ಕಿಗೆ ಹಚ್ಚಿದರು. "ಯಾವ ಹಲ್ಲು" ಎಂದು ಅತ್ತಲಿಂದ ಕೇಳುವ ಮೊದಲೇ "ಅವನಮ್ಮ" ಎಂದರು. ಎಷ್ಟು ಸಲೀಸು! ಎಲ್ಲರಿಗೂ ಕೇಳಿಸಲೆಂದು ಧ್ವನಿ ಜೋರು ಮಾಡಿದರು.

"ಲೋ ಕ್ವಾನ್‌ಫೂ. ಯಾಕೋ ಟಿಕೆಟ್ ತಗೊಂಡೆ?"

"ಅಮ್ಮಾ! ಯಾರು ಹೇಳಿದ್ರು? ನೀನು ಮೀನು ಮಾಡ್ತೀನಿ ಅಂದ್ಯಲ್ಲ…"

"ನಾನು? ಮೀನು? ಅಡುಗೆಮನೇಲಿ ಮೀನು ಬಂದ್ರೆ ನಾನು ಅಂಗಳಕ್ಕೆ ಹೋಗ್ತೀನಿ. ಮೀನೊಂದನ್ನ ನಿನ್ನಪ್ಪ ತಾನೇ ಬೇಯಿಸ್ತಿದ್ದದ್ದು, ಮರ್ತ್‌ಹೋಯ್ತಾ?"

ಅತ್ತ ಕಡೆ ಡ್ರಿಲ್ಲಿನ ಸದ್ದು ನಿಂತಿತು. "ಮತ್ತೆ… ಬರೆದೋರು ಯಾರು?"

"ನಿನ್ನ ಬಾಡಿಗೆ ಮಗ. ನನ್ನ ಬಾಡಿಗೆ ತಾಯಿನೂ ಅವಳೇ. ಇಲ್ಲೇ ಪಕ್ಕ ಕೂತು ಪ್ಲಮ್ ತಿಂತಿದಾಳೆ. ಕಡ್ಡಿ ಹಾಗಿದಾಳೆ, ಪಾಪ."

"ನೀನೂ ಚಂದಾ ತಗೊಂಡಿದ್ಯಾ?"

"ನೀನ್ ತಗೋಬಹುದು, ನಾನ್ ತಗೋಬಾರ್ದಾ?"

ಈಗ ಮಾತಾಡುವ ಸರದಿ ಯಾರದೆಂದು ಇಬ್ಬರಿಗೂ ತಿಳಿಯಲಿಲ್ಲ. ನನ್ನ ಎರಡು ಹೆಬ್ಬೆರಳುಗಳೂ ಜೇಬಿನೊಳಗೆ ಚಡಪಡಿಸಿದವು. ಏನು ಹೇಳಬೇಕೆಂದು ನನಗೆ ಎರಡು ಕಡೆಯಿಂದಲೂ ಗೊತ್ತಿತ್ತು, ಹೇಳಬೇಕಾದವಳು ನಾನಲ್ಲ.

"ಅಮ್ಮಾ," ಎಂದರು ದಂತವೈದ್ಯರು ನಿಧಾನವಾಗಿ, "ಮಂಡಿ ನಿಜವಾಗ್ಲೂ ನೋಯ್ತಾ ಇದ್ಯಾ?"

"ಬಲಗಡೇದು. ಮಳೆ ಬಂದಾಗ ಮಾತ್ರ," ಎಂದರು ಚಿಕ್ಕಮ್ಮ. ಮೂಗು ಒರೆಸಿಕೊಂಡರು. "ಹಿಮ ಬಿಟ್ಟೆ ತಾನೆ? ಒಕಿನಾವಾಗೆ ಬಾ. ಅಲ್ಲಿ ಸುತ್ತೋ ಬಸ್ಸಲ್ಲಿ ಒಂದು ಸೀಟಿದೆ. ನಾವು ಹನ್ನೊಂದು ಜನ ಮುದುಕೀರು, ಎಲ್ಲರಿಗೂ ಹಲ್ಲುನೋವಿದೆ. ನಿನಗೂ ಹೊತ್ತು ಹೋಗುತ್ತೆ."

ಸಂಜೆಗೆ ಎರಡೂ ಚಂದಾ ರದ್ದಾದವು. 'ನಮ್ಮಿಂದ ಏನು ತಪ್ಪಾಯಿತು?' ಎಂಬ ಪ್ರಶ್ನೆಗೆ ದಂತವೈದ್ಯರು 'ಮೀನು' ಎಂದು ಉತ್ತರಿಸಿದ್ದರು. ಟ್ರೇಯಿಂದ ಎರಡು ಫೋನ್ ತೆಗೆದಿಟ್ಟೆ. ಅಮ್ಮ ಖಾಲಿ ಗುಂಡಿಗಳನ್ನು ನೋಡಿದಳು, ನನ್ನ ಮುಖ ನೋಡಿದಳು. ನನ್ನ ಅಳತೆಯ ಏಪ್ರನ್ ಒಂದನ್ನು ಒಗೆದು ಒಣಗಲು ಹಾಕಿದಳು.

ಎರಡು ದಿನವಾದ ಮೇಲೆ ಬೆಳಿಗ್ಗೆ ಅಂಗಡಿಯ ಮುಂದೆ ಬಾಡಿಗೆ ವ್ಯಾನ್ ಬಂದು ನಿಂತಿತು. ಅಗಲ ಟೊಪ್ಪಿಗಳು ಒಂದರ ಹಿಂದೊಂದು ಇಳಿದವು. ಪ್ಲಮ್ ಚೀಪುತ್ತಾ ಟ್ರೇಯ ಕಥೆಯನ್ನೂ ನಾನು ಬಾಯಿಬಿಟ್ಟಿದ್ದೆನಂತೆ, ನನಗೇ ನೆನಪಿಲ್ಲ.

"ಎಲ್ಲಿ ಆ ಹುಡುಗಿ?" ಎಂದು ತ್ಸೆಂಗ್ ಚಿಕ್ಕಮ್ಮ ಒಳನುಗ್ಗಿದರು. "ಎಲ್ಲರೂ ಫೋನ್ ತಂದಿದಾರೆ. ಆ ಸಾಲು ಬರೀಬೇಕಂತೆ."

"ಯಾವ ಸಾಲು, ಚಿಕ್ಕಮ್ಮ?"

"ಅದೇ ಕಣೆ, 'ನೀನು ಚೆನ್ನಾಗಿದ್ರೆ ಸಾಕು.' ಹಿಮ ಬಿಡಿಸಿದ ಸಾಲು!"

"ನನ್ನ ಸೊಸೆಗೆ ಅದಕ್ಕಿಂತ ಗಟ್ಟಿಯಾಗಿದ್ದು ಬೇಕು," ಎಂದರು ಒಬ್ಬರು. "ನನ್ನ ಮಗ ಕೆನಡಾದಲ್ಲಿದಾನೆ, ಅಲ್ಲೀವರೆಗೂ ಕೆಲಸ ಮಾಡುತ್ತಾ?" ಎಂದರು ಇನ್ನೊಬ್ಬರು. ಮೂರನೆಯವರು ಬಂದಿದ್ದು ಚಾಪೆ ಕಾಯ್ದಿರಿಸಿದ್ದಕ್ಕೆ.

ಖಾಲಿ ಗುಂಡಿಗಳು ತುಂಬಿದವು. ಎರಡನೆಯ ಟ್ರೇಯೂ ಅರ್ಧ ದಾಟಿತು. ಅಮ್ಮ ಮಾತಿಗೆ ತಪ್ಪುವವಳಲ್ಲ. "ನೀನೇ ಗೆದ್ದೆ. ಏಪ್ರನ್ ಹೊಸ ಹುಡುಗೀಗೆ ಆಗುತ್ತೆ ಬಿಡು," ಎಂದಳು.

ಗೆದ್ದವಳನ್ನು ಹಿಂದಿನ ಕೋಣೆಯಲ್ಲಿ ಹನ್ನೊಂದು ಜನ ಸುತ್ತುವರಿದಿದ್ದರು. 'ಅಷ್ಟು ಮೆತ್ತಗೆ ಬರೀಬೇಡ', 'ಇವಳ ಮಗನಿಗೆ ಅತ್ತ ಹಾಗೆ ಬರ್ದಿದೀಯ, ನನ್ನ ಮಗನಿಗೆ ಬರೀ ಕೆಮ್ಮಿದ ಹಾಗಿದೆ', 'ಓದಿ ಹೇಳು ಜೋರಾಗಿ, ನನಗೆ ಈ ಕಿವಿ ಕೇಳಲ್ಲ'. ಒಬ್ಬರು ನನ್ನ ಜಾತಕ ಕೇಳಿದರು. ಇನ್ನೊಬ್ಬರು ದಂತವೈದ್ಯರ ಜಾತಕ ಹೇಳಿದರು. ನನ್ನ ಬದುಕಿನಲ್ಲಿ ಆವರೆಗೆ ಆಡಿದಷ್ಟೂ ಮಾತನ್ನು ಒಂದೇ ಬೆಳಿಗ್ಗೆಯಲ್ಲಿ ಆಡಿ ಗಂಟಲು ಕಟ್ಟಿತು. ನಾಳೆಯೂ ಬರುತ್ತೇವೆ, ತಿಂಡಿ ಹೇಗೂ ಇಲ್ಲೇ ಸಿಗುತ್ತದಲ್ಲ ಎಂದರು.

ಎದ್ದು ಹೊರಗೆ ಬಂದೆ. ಅಮ್ಮ ಮೊಟ್ಟೆ ಒಡೆಯುತ್ತಿದ್ದಳು.

"ಅಮ್ಮಾ, ಸ್ವಲ್ಪ ನೀನು ಒಳಗೆ ಹೋಗ್ತೀಯಾ?"

"ನನಗೇನೇ ಬರುತ್ತೆ ಅದು?"

"ಮಾತಾಡೋದು ತಾನೆ."

ಅಮ್ಮ ಕೈ ಒರೆಸಿಕೊಂಡು ಒಳಗೆ ಹೋದಳು. "ಏನ್ರೇ ಚೆಲುವೆಯರಾ, ಯಾರ್ ಮಗನ್ನ ಅಳಿಸ್ಬೇಕು ಮೊದ್ಲು?" ಎಂಬ ಕೂಗಿಗೆ ಹನ್ನೊಂದು ಟೊಪ್ಪಿಗಳೂ ಒಟ್ಟಿಗೆ ಕೇಕೆ ಹಾಕಿದವು. ಬರೆಯುವುದು ರಾತ್ರಿ ನಾನು ನೋಡಿಕೊಂಡರಾಯಿತು. ಏನು ಬರೆಯಬೇಕೆಂದು ಅವರ ಬಾಯಿ ಬಿಡಿಸುವುದಕ್ಕೆ ಅವಳಿಗಿಂತ ಸರಿಯಾದವರಿಲ್ಲ.

ನಾನು ಸಟ್ಟುಗ ಹಿಡಿದು ನಿಂತೆ. ಹೆಲ್ಮೆಟ್ ತೆಗೆಯದ ಹುಡುಗನೊಬ್ಬ ಬಂದ. ಕಣ್ಣಿನ್ನೂ ಪೂರ್ತಿ ಬಿಟ್ಟಿರಲಿಲ್ಲ. ದಾನ್‌ಬಿಂಗ್ ಕಡೆ ಬೆರಳು ತೋರಿಸಿ, ಎರಡು ಎಂದು ಬೆರಳಲ್ಲೇ ಹೇಳಿದ. ನಾನು ತಲೆಯಾಡಿಸಿದೆ. ಅವನ ಹಿಂದಿದ್ದ ಹೆಂಗಸು ಖಾಲಿ ಲೋಟ ಮುಂದಿಟ್ಟಳು, ಸೋಯಾ ಹಾಲು ತುಂಬಿಸಿದೆ. ಅವಳ ಹಿಂದಿನವನು ಆಕಳಿಸಿ, ಕಡುಬು ನೋಡಿದ. ಆ ಹೊತ್ತಿನಲ್ಲಿ ಬರುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ನನಗಿಂತ ಕಡಿಮೆ ಮಾತು ಬರುತ್ತದೆಂದು ಇಷ್ಟು ವರ್ಷ ಹಿಂದಿನ ಕೋಣೆಯಲ್ಲಿ ಕೂತು ನಾನು ಕಂಡಿರಲಿಲ್ಲ.

"ಏ ಹುಡುಗೀ!" ಎಂದು ಒಳಗಿನಿಂದ ತ್ಸೆಂಗ್ ಚಿಕ್ಕಮ್ಮ ಕೂಗಿದರು. "ಏನೋ ಸೀದ ವಾಸನೆ!"

"ನಿಮ್ಮದೇ ದಾನ್‌ಬಿಂಗ್, ಚಿಕ್ಕಮ್ಮ," ಎಂದೆ ಅಷ್ಟೇ ಜೋರಾಗಿ, ಮಗುಚಿ ಹಾಕುತ್ತಾ. ಹೆಲ್ಮೆಟ್ಟಿನವನು ಬೆಚ್ಚಿ ಕಣ್ಣು ಬಿಟ್ಟ.